ಬಡ್ತಿ ಎಂಬ ಭ್ರಮೆ

ಭಟ್ಕಳ, ಹೊನ್ನಾವರ, ಕುಮಟೆಯ ಕಡೆ ಯಕ್ಷಗಾನದ ಆಟ, ತಾಳಮದ್ದಳೆ, ಸಂಗೀತ ಕಚೇರಿಗಳ ಬಗ್ಗೆ ಪತ್ರಿಕೆಗೆ ಬರೆಯುವವರು ಹಿಂದಿನಿಂದಲೂ ಇದ್ದರು, ಈಗಲೂ ಕೆಲವರಿದ್ದಾರೆ. ಅವರಲ್ಲಿ ಯಾರಾದರೂ ನಾಲ್ಕೈದು ವರ್ಷ ಒಳ್ಳೆಯ ವಿಮರ್ಶೆ ಬರೆದರೆ ಸಾಕು, ಸುತ್ತಲಿನವರು ಶುರುಮಾಡುತ್ತಾರೆ: "ಪೇಪರಿಗೆ ಬರೆದು ಏನು ಸಿಕ್ತು ಮಾರಾಯ? ಒಂದು ಸಿನಿಮಾ ಮಾಡು. ಅದಾಗದಿದ್ದರೆ ಡಾಕ್ಯುಮೆಂಟರಿಯಾದರೂ ಮಾಡು." ಆತ ಕ್ಯಾಮೆರಾ ಹಿಡಿದ ದಿನ ಊರಿಗೆ ಊರೇ ಸಂತೋಷಪಡುತ್ತದೆ. ಅವನು ಮೇಲೆ ಹೋದ, ದೊಡ್ಡವನಾದ ಎನ್ನುತ್ತಾರೆ. ಅವನು ಬರೆಯುತ್ತಿದ್ದ ಅಂಕಣ ನಿಂತುಹೋದದ್ದು ಯಾರ ಗಮನಕ್ಕೂ ಬರುವುದಿಲ್ಲ. ಆ ಜಾಗದಲ್ಲಿ ಮರುವಾರ ಜಾಹೀರಾತು ಇರುತ್ತದೆ.

ಬರವಣಿಗೆ ಕೆಳಗಿನ ಮೆಟ್ಟಿಲು, ಸಿನಿಮಾ ಮೇಲಿನದು ಎಂಬ ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಸಂಗೀತದ ಬಗ್ಗೆ ಬರೆಯುವವರು ಸಿನಿಮಾ ಮಾಡಬಾರದು ಎಂಬುದು ನನ್ನ ವಾದವಲ್ಲ. ಖಂಡಿತ ಮಾಡಬೇಕು, ಕರಾವಳಿಯ ಹಾಡಿಗೆ ಒಳ್ಳೆಯ ಸಿನಿಮಾ ಬೇಕೇಬೇಕು. ಆದರೆ ಅದನ್ನು ಬಡ್ತಿ ಎಂದುಕೊಂಡು ಹೋದವನು ತನ್ನ ಬಳಿ ಇದ್ದ ಒಂದೇ ಬಂಡವಾಳವನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾನೆ. ಆ ಬಂಡವಾಳ ಕೇಳಿ ಪಳಗಿದ ಕಿವಿ, ಕೇಳಿದ್ದನ್ನು ತೂಗಿ ಹೇಳುವ ಅಭ್ಯಾಸ. ಅವೆರಡನ್ನು ಬಿಟ್ಟು ಹೋದರೆ ಸಿನಿಮಾಕ್ಕೂ ಲಾಭವಿಲ್ಲ, ಸಂಗೀತಕ್ಕೂ ಇಲ್ಲ.

ಈ ನಂಬಿಕೆಯೊಳಗೆ ಮೂರು ನಂಬಿಕೆಗಳು ಸೇರಿಕೊಂಡಿವೆ. ಬರಹದಿಂದ ಸಿನಿಮಾಕ್ಕೆ ಹೋಗುವುದೆಂದರೆ ಏರುವುದು ಎಂಬುದು ಮೊದಲನೆಯದು. ಕ್ಯಾಮೆರಾ ಹಿಡಿದಿಟ್ಟದ್ದು ಉಳಿಯುತ್ತದೆ, ಬರೆದದ್ದು ರದ್ದಿಗೆ ಹೋಗುತ್ತದೆ ಎಂಬುದು ಎರಡನೆಯದು. ಎಲ್ಲರೂ ಮೊಬೈಲಿನಲ್ಲೇ ಆಟ ನೋಡುವಾಗ ವಿಮರ್ಶಕನ ಕೆಲಸ ಮುಗಿಯಿತು ಎಂಬುದು ಮೂರನೆಯದು. ಮೂರೂ ತಪ್ಪು.

ಮೆಟ್ಟಿಲಿನ ಮಾತು ಬಂದಾಗ ಎಲ್ಲರೂ ಎತ್ತುವ ಹೆಸರು ಅಮೆರಿಕದ ಕ್ಯಾಮರಾನ್ ಕ್ರೋ ಅವರದು. ಹದಿಹರೆಯದಲ್ಲೇ 'ರೋಲಿಂಗ್ ಸ್ಟೋನ್' ಪತ್ರಿಕೆಗೆ ರಾಕ್ ತಂಡಗಳ ಬಗ್ಗೆ ಬರೆದ ಹುಡುಗ, ಮುಂದೆ ನಿರ್ದೇಶಕನಾಗಿ 2000ದಲ್ಲಿ 'ಆಲ್ಮೋಸ್ಟ್ ಫೇಮಸ್' ಮಾಡಿದ, ಅದರ ಚಿತ್ರಕಥೆಗೆ ಆಸ್ಕರ್ ಪಡೆದ ಎಂಬ ಕಥೆ. ಈ ಕಥೆ ಹೇಳುವವರು ಎರಡು ವಿಷಯ ಬಿಡುತ್ತಾರೆ. ಆ ಚಿತ್ರದ ಕಥಾವಸ್ತುವೇ ಒಬ್ಬ ಹುಡುಗ ಪತ್ರಕರ್ತ ತಂಡವೊಂದರ ಜತೆ ಊರೂರು ಅಲೆಯುತ್ತ, ಮೆಚ್ಚಿದವರ ಬಗ್ಗೆಯೇ ನಿಜ ಬರೆಯಬೇಕಾದ ಸಂಕಟ. ಅಂದರೆ ವರದಿಗಾರನ ಅನುಭವವೇ ಅಲ್ಲಿ ಚಿತ್ರವಾಗಿದೆ. ಇನ್ನೊಂದು, ಹೆಸರಾಂತ ನಿರ್ದೇಶಕನಾದ ಮೇಲೂ ಕ್ರೋ ಹಳೆಯ ತಲೆಮಾರಿನ ನಿರ್ದೇಶಕ ಬಿಲ್ಲಿ ವೈಲ್ಡರ್ ಅವರ ಮುಂದೆ ಪ್ರಶ್ನೆ ಹಿಡಿದು ಕೂತರು. ಆ ಮಾತುಕತೆ 1999ರಲ್ಲಿ ದೊಡ್ಡ ಪುಸ್ತಕವಾಗಿ ಬಂತು. ಮೆಟ್ಟಿಲು ಹತ್ತಿ ಮುಗಿಸಿದವನು ಮತ್ತೆ ಕೆಳಗಿಳಿದು ಟಿಪ್ಪಣಿ ಪುಸ್ತಕ ಹಿಡಿಯುವುದುಂಟೆ? ಅವರಿಗೆ ಅದು ಮೆಟ್ಟಿಲೇ ಆಗಿರಲಿಲ್ಲ.

ಫ್ರಾನ್ಸಿನ ಗೊದಾರ್, ತ್ರುಫೋ ಅವರ ಹೆಸರನ್ನೂ ಇದೇ ಧಾಟಿಯಲ್ಲಿ ಹೇಳುವುದುಂಟು. ಅವರು 'ಕಾಯೆ ದು ಸಿನೆಮಾ' ಪತ್ರಿಕೆಯ ವಿಮರ್ಶಕರಾಗಿದ್ದವರು, ನಿಜ. ಆದರೆ ವಿಮರ್ಶೆ ಬರೆಯುವಾಗಲೇ ತಾನು ಸಿನಿಮಾ ಮಾಡುವವನೆಂದು ತಿಳಿದಿದ್ದೆ ಎಂಬ ಅರ್ಥದ ಮಾತನ್ನು ಗೊದಾರ್ ಆಡಿದ್ದರು. ಬರೆಯುವುದನ್ನು ಅವರು ಸಿನಿಮಾಕ್ಕೆ ಕಾಯುವ ಕೋಣೆ ಮಾಡಿಕೊಳ್ಳಲಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಪಿ. ಲಂಕೇಶ್ 1976ರ 'ಪಲ್ಲವಿ' ಚಿತ್ರಕ್ಕೆ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದರು, ಮತ್ತೆ ಮೂರು ಚಿತ್ರ ಮಾಡಿದರು. ಆಮೇಲೆ 1980ರಲ್ಲಿ 'ಲಂಕೇಶ್ ಪತ್ರಿಕೆ' ಶುರುಮಾಡಿ ಕೊನೆಯವರೆಗೂ ವಾರವಾರ ಬರೆದರು. ಮೆಟ್ಟಿಲಿನ ಲೆಕ್ಕ ಹಿಡಿದರೆ ಇದು ಹಿಂಬಡ್ತಿ. ಹಾಗೆಂದು ಕನ್ನಡದಲ್ಲಿ ಹೇಳುವ ಧೈರ್ಯ ಯಾರಿಗಿದೆ? ಆ ಪತ್ರಿಕೆ ಕರ್ನಾಟಕದ ರಾಜಕಾರಣವನ್ನೇ ಅಲುಗಾಡಿಸಿತು.

ನಮ್ಮ ಕರಾವಳಿಗೆ ಇನ್ನೂ ಹತ್ತಿರದ ಉದಾಹರಣೆ ಶಿವರಾಮ ಕಾರಂತರದು. 'ವಸಂತ' ಎಂಬ ಪತ್ರಿಕೆ ನಡೆಸಿದವರು ಅವರು. 1930ರ ಸುಮಾರಿಗೆ, ಮೂಕಿಚಿತ್ರಗಳ ಕೊನೆಗಾಲದಲ್ಲಿ, ಸಿನಿಮಾಕ್ಕೂ ಕೈಹಾಕಿದರು. ಅಷ್ಟಾದ ಮೇಲೆ ಹಳ್ಳಿಹಳ್ಳಿಯ ಭಾಗವತರನ್ನು ಹುಡುಕಿ, ಪದ್ಯಗಳನ್ನು ಕೇಳಿ, ರಾಗ ತಾಳಗಳನ್ನು ವಿಚಾರಿಸಿ 'ಯಕ್ಷಗಾನ ಬಯಲಾಟ' ಬರೆದರು. ಆ ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಂದೆ ರಂಗಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನ್ ತಂದು ಜಗಳವನ್ನೂ ಎದುರಿಸಿದರು. ಎಪ್ಪತ್ತು ದಾಟಿದ ಮೇಲೆ ತಮ್ಮದೇ 'ಕುಡಿಯರ ಕೂಸು' ಕಾದಂಬರಿಯನ್ನು 'ಮಲೆಯ ಮಕ್ಕಳು' ಎಂದು ಚಿತ್ರ ಮಾಡಿದರು. ಕ್ಯಾಮೆರಾ, ಪುಸ್ತಕ, ರಂಗ, ಮತ್ತೆ ಕ್ಯಾಮೆರಾ. ಇದರಲ್ಲಿ ಮೇಲು ಯಾವುದು, ಕೆಳಗು ಯಾವುದು? ಯಕ್ಷಗಾನದ ಬಗ್ಗೆ ಇವತ್ತಿಗೂ ಜನ ಕಾರಂತರೊಂದಿಗೆ ವಾದಕ್ಕಿಳಿಯುವುದು ಅವರು ಬರೆದ ಪುಸ್ತಕದ ಕಾರಣಕ್ಕೆ. ಅವರ ಮೂಕಿಚಿತ್ರಗಳನ್ನು ನೋಡಿದವರು ನನಗಂತೂ ಸಿಕ್ಕಿಲ್ಲ.

ಗೋಕರ್ಣದ ಜಯಂತ ಕಾಯ್ಕಿಣಿಯವರ ವಿಷಯದಲ್ಲಿ ಇದೇ ನಂಬಿಕೆ ತಲೆಕೆಳಗಾಗಿ ಕೆಲಸ ಮಾಡಿತು. 'ಭಾವನಾ' ಮಾಸಿಕದ ಸಂಪಾದಕರಾಗಿದ್ದ ಕಥೆಗಾರ 2006ರ 'ಮುಂಗಾರು ಮಳೆ'ಗೆ ಹಾಡು ಬರೆದಾಗ ಒಂದು ಗುಂಪು ಅವರು ಎತ್ತರಕ್ಕೆ ಹೋದರೆಂದಿತು, ಇನ್ನೊಂದು ಗುಂಪು ಸಾಹಿತ್ಯದಿಂದ ಇಳಿದರೆಂದಿತು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಏಣಿ. ಕಾಯ್ಕಿಣಿ ಕಥೆ ಬರೆಯುವುದನ್ನೂ ಬಿಡಲಿಲ್ಲ, ಅಂಕಣವನ್ನೂ ಬಿಡಲಿಲ್ಲ. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ಅವರ ಮುಂಬಯಿ ಕಥೆಗಳಿಗೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಏರಿದ್ದು, ಇಳಿದದ್ದು ಎಂಬ ಮಾತುಗಳೆರಡೂ ಅವರ ಕೆಲಸದ ಮುಂದೆ ನಿಲ್ಲಲಿಲ್ಲ.

ಈ ಏಣಿ ನಮ್ಮ ತಲೆಗೆ ಹೊಕ್ಕದ್ದಕ್ಕೆ ಊರಿನ ಚರಿತ್ರೆಯೂ ಕಾರಣ. ಸಿನಿಮಾ ಎಂದರೆ ನಮಗೆ ಊರು ಬಿಟ್ಟು ಹೋಗುವುದು. ಅನಂತನಾಗ್, ಶಂಕರ್ ನಾಗ್ ಸಹೋದರರ ಬೇರು ಭಟ್ಕಳ ಹೊನ್ನಾವರದ ಸೀಮೆಯಲ್ಲಿದೆ. ಅವರು ಬೆಳೆದು ಬೆಳಗಿದ್ದು ಮುಂಬಯಿಯ ರಂಗಭೂಮಿಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ. ಶರಾವತಿ ದಾಟಿ ಹೋದವನು ಗೆದ್ದ, ಊರಲ್ಲಿ ಕೂತು ಬರೆದವನು ಉಳಿದುಬಿಟ್ಟ ಎಂಬ ಲೆಕ್ಕ ಅಲ್ಲಿಂದ ಹುಟ್ಟಿತು. ಹಣದ ಲೆಕ್ಕವೂ ಇದೆ, ಅದನ್ನು ಮುಚ್ಚಿಡುವುದು ಬೇಡ. ರಾತ್ರಿಯಿಡೀ ಆಟ ನೋಡಿ ಬೆಳಿಗ್ಗೆ ಕೂತು ಬರೆದ ವಿಮರ್ಶೆಗೆ ಪತ್ರಿಕೆಗಳು ಕೊಡುವ ಗೌರವಧನ ಬಸ್ಸಿನ ಖರ್ಚಿಗೂ ಸಾಲುವುದಿಲ್ಲ. ಹೊಟ್ಟೆಪಾಡಿಗಾಗಿ ಬರವಣಿಗೆ ಬಿಟ್ಟು ಮದುವೆ ಮನೆಯ ವಿಡಿಯೋಕ್ಕೆ ಹೋದವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ನಾನು ದೂರುವುದು ಆ ಬಡತನಕ್ಕೆ ಬಡ್ತಿಯ ಹೆಸರು ಕೊಟ್ಟು, ಪತ್ರಿಕೆಗಳ ಜಿಪುಣತನವನ್ನು ಮರೆಮಾಚುವವರನ್ನು.

ಇನ್ನು ಕ್ಯಾಮೆರಾ ಉಳಿಸುತ್ತದೆ ಎಂಬ ಮಾತು. ಇದರಲ್ಲಿ ಅರ್ಧ ಸತ್ಯವಿದೆ. 1990ರಲ್ಲಿ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಕಂಠ ಇವತ್ತಿನ ಹುಡುಗರಿಗೂ ಗೊತ್ತಿದೆ ಎಂದರೆ ಕ್ಯಾಸೆಟ್ಟುಗಳು ಕಾರಣ. ಧ್ವನಿಮುದ್ರಣ ಇಲ್ಲದಿದ್ದರೆ ಆ ಕಂಠದ ನೆನಪು ಕೇಳಿದವರ ಜತೆಗೇ ಹೋಗುತ್ತಿತ್ತು. ಆದರೆ ಕ್ಯಾಸೆಟ್ಟು ಮಾಡಿದ ಇನ್ನೊಂದು ಉಪಕಾರವನ್ನು ನಾವು ಮರೆತಿದ್ದೇವೆ. ಅದರಲ್ಲಿ ವೇಷವಿರಲಿಲ್ಲ, ಕಿರೀಟವಿರಲಿಲ್ಲ, ಕುಣಿತವಿರಲಿಲ್ಲ. ಅಡಿಕೆ ಸುಲಿಯುತ್ತ, ಜೀಪಿನಲ್ಲಿ ಹೋಗುತ್ತ ಜನ ಹಿಮ್ಮೇಳವನ್ನೇ ಕೇಳಿದರು. ಪದ್ಯದ ಎತ್ತುಗಡೆ ಹೇಗೆ, ಮದ್ದಳೆ ಎಲ್ಲಿ ಸೇರಿತು, ಚಂಡೆ ಎಲ್ಲಿ ಏರಿತು ಎಂದು ಕಿವಿಯಿಂದಲೇ ಹಿಡಿಯುವ ಒಂದು ತಲೆಮಾರು ಬೆಳೆಯಿತು. ವಿಡಿಯೋ ಬಂದು ಆ ಹಿಮ್ಮೇಳವನ್ನು ಮತ್ತೆ ಮುಖದ ಕ್ಲೋಸಪ್ಪಿನ ಹಿಂದಕ್ಕೆ ಸರಿಸಿತು.

ಒಂದೇ ಪದ್ಯವನ್ನು ತೆಗೆದುಕೊಂಡು ನೋಡೋಣ. ಬಡಗುತಿಟ್ಟಿನ ರಂಗದಲ್ಲಿ ವೇಷಧಾರಿ ಅಭಿನಯಕ್ಕೆ ನಿಂತಾಗ ಭಾಗವತರು ಸಾಲನ್ನು ಒಮ್ಮೆ ಹಾಡಿ ಮುಂದೆ ಹೋಗುವುದಿಲ್ಲ. ಅದೇ ಸಾಲು ಎರಡನೆಯ ಸಲ ಬರುತ್ತದೆ, ಮೂರನೆಯ ಸಲ ಬರುತ್ತದೆ. ಎಷ್ಟು ಸಲ ಎಂಬುದು ಪ್ರಸಂಗದ ಪುಸ್ತಕದಲ್ಲಿಲ್ಲ. ಎದುರಿಗೆ ನಿಂತವನ ಬೆನ್ನು, ಹೆಜ್ಜೆ ನೋಡಿ ಭಾಗವತರು ಅಲ್ಲೇ ತೀರ್ಮಾನಿಸುತ್ತಾರೆ. ಕರುಣದ ಪದ್ಯವಾದರೆ ಚಂಡೆ ಸುಮ್ಮನಿರುತ್ತದೆ, ಮದ್ದಳೆಯೊಂದೇ ತಗ್ಗಿದ ಕೈಯಲ್ಲಿ ನಡೆಯುತ್ತದೆ. ಮೊದಲ ಸಲಕ್ಕೆ ವೇಷಧಾರಿ ಮಾತಿನ ಅರ್ಥ ತೋರಿಸುತ್ತಾನೆ. ಎರಡನೆಯ ಸಲಕ್ಕೆ ಅದರ ಹಿಂದಿನ ನೆನಪು ಅವನ ಮೈಗೆ ಬರುತ್ತದೆ. ಮೂರನೆಯ ಸಲ ಅವನು ಏನನ್ನೂ ತೋರಿಸದೆ ನಿಂತಿರಬಹುದು, ಆಗ ಹಾಡೇ ಅಭಿನಯಿಸುತ್ತದೆ. ಕೆರೆಮನೆ ಶಂಭು ಹೆಗಡೆಯವರ ಪಾತ್ರಕ್ಕೆ ನೆಬ್ಬೂರು ನಾರಾಯಣ ಭಾಗವತರು ಹಾಡಿದ್ದನ್ನು ಕೇಳಿದವರಿಗೆ ಈ ಕೊಡುಕೊಳ್ಳುವಿಕೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇದೇ ಪದ್ಯ ಎಡಿಟಿಂಗಿಗೆ ಬರುತ್ತದೆ. ಕಂಪ್ಯೂಟರಿನ ಮುಂದೆ ಕೂತವನಿಗೆ ಮೂರು ಸಲ ಹಾಡಿದ ಸಾಲು 'ರಿಪೀಟ್' ಆಗಿ ಕಾಣುತ್ತದೆ. ಎರಡನ್ನು ತೆಗೆದುಹಾಕುತ್ತಾನೆ. ಧ್ವನಿಯನ್ನು ಮೈಕ್ ಸೆಟ್ಟಿನಿಂದ ನೇರವಾಗಿ ಎಳೆದುಕೊಂಡಿರುವುದರಿಂದ ಕಂಠ ಎದ್ದು ಕೇಳುತ್ತದೆ, ಮದ್ದಳೆಯ ಬೆರಳಿನ ಕೆಲಸ ಮುಳುಗಿಹೋಗುತ್ತದೆ. ಭಾಗವತರು ತಾಳ ಹಿಡಿದ ಕೈಯಿಂದ ಮದ್ದಳೆಯವನಿಗೆ ಸೂಚನೆ ಕೊಟ್ಟ ಗಳಿಗೆಯಲ್ಲಿ ಪರದೆಯ ಮೇಲೆ ಕಾಣುವುದು ಡ್ರೋನಿನಿಂದ ತೆಗೆದ ಜನಜಂಗುಳಿ. ಮುಕ್ತಾಯಕ್ಕೆ ಮೊದಲೇ ಕ್ಲಿಪ್ ಮುಗಿಯುತ್ತದೆ. ಇದನ್ನು 'ದಾಖಲೆ' ಎಂದು ಕರೆದು ಮುಂದಿನ ತಲೆಮಾರಿಗೆ ಕೊಡುತ್ತೇವೆ. ಆ ತಲೆಮಾರಿನ ಹುಡುಗ ಇದನ್ನು ನೋಡಿ ಕಲಿತು, ಪದ್ಯವೆಂದರೆ ಇಷ್ಟೇ ಎಂದು ತಿಳಿದು ರಂಗಕ್ಕೆ ಬರುತ್ತಾನೆ. ಕೇಳಲು ಬಾರದವರು ತೆಗೆದ ದಾಖಲೆ ಕಲೆಯನ್ನು ಉಳಿಸುವುದಿರಲಿ, ಅದರ ಅಳತೆಯನ್ನೇ ಬದಲಿಸಿಬಿಡುತ್ತದೆ.

ಆ ಎಡಿಟರ್ ಕೆಟ್ಟವನಲ್ಲ. ಅವನ ಪಕ್ಕದಲ್ಲಿ ಕೂತು "ಆ ಮೂರನೆಯ ಸಲವನ್ನು ಮುಟ್ಟಬೇಡ, ಈ ಪದ್ಯ ನಿಂತಿರುವುದೇ ಅದರ ಮೇಲೆ" ಎಂದು ಹೇಳುವವರು ಯಾರೂ ಇರಲಿಲ್ಲ, ಅಷ್ಟೆ. ಹೇಳಬಲ್ಲವನು ಯಾರು? ಇಪ್ಪತ್ತು ವರ್ಷ ಆಟ ಕೇಳಿ, ಯಾವ ಪದ್ಯ ಯಾಕೆ ಗೆದ್ದಿತು, ಯಾವುದು ಯಾಕೆ ಸೋತಿತು ಎಂದು ವಾರವಾರ ಬರೆದವನು. ಅವನೇ ಈಗ ನಿರ್ದೇಶಕನಾಗಿ, ವಿಮರ್ಶೆ ತನ್ನ ಹಳೆಯ ಕೆಲಸ ಎಂದುಕೊಂಡು, ಡ್ರೋನಿನ ಬಾಡಿಗೆ ಮಾತಾಡುತ್ತಿದ್ದರೆ ಇದಕ್ಕಿಂತ ದೊಡ್ಡ ನಷ್ಟ ಇನ್ನೇನು?

ಬರಹ ಉಳಿಯುವುದಿಲ್ಲ ಎನ್ನುವವರು ಒಂದು ಚರಿತ್ರೆ ನೆನಪಿಟ್ಟುಕೊಳ್ಳಬೇಕು. 1842ರ ಸುಮಾರಿಗೆ ನಮ್ಮ ಕಡೆಯ ಒಂದು ಮೇಳ ಸಾಂಗ್ಲಿಯ ಅರಸರ ಮುಂದೆ ಆಟ ಆಡಿತು. ಅದನ್ನು ಕಂಡ ಅರಸರ ಅಪ್ಪಣೆಯಂತೆ ವಿಷ್ಣುದಾಸ ಭಾವೆ ಮರುವರ್ಷ 'ಸೀತಾ ಸ್ವಯಂವರ' ಆಡಿಸಿದರು, ಮರಾಠಿ ರಂಗಭೂಮಿ ಅಲ್ಲಿಂದ ಶುರುವಾಯಿತು ಎಂದು ಮರಾಠಿಗರೇ ಹೇಳುತ್ತಾರೆ. ಆ ಮೇಳ ಹೊನ್ನಾವರದ ಕರ್ಕಿಯದು ಎಂದು ನಮ್ಮವರು ಹೇಳಿಕೊಂಡು ಬಂದಿದ್ದಾರೆ. ಅಂದು ಕ್ಯಾಮೆರಾ ಇರಲಿಲ್ಲ, ಆದರೂ ಸಂಗತಿ ಉಳಿದದ್ದು ಬರಹದಲ್ಲಿ. ಉಳಿಯದೇ ಹೋದದ್ದು ಅಂದಿನ ಭಾಗವತರ ಹಾಡುಗಾರಿಕೆ. ಅವರು ಹೇಗೆ ಹಾಡಿದರು, ಯಾವ ರಾಗದಲ್ಲಿ ಎತ್ತಿದರು, ಮದ್ದಳೆ ಹೇಗಿತ್ತು ಎಂದು ಕೇಳಿ ಬರೆದಿಡುವವನೊಬ್ಬ ಆ ಸಭೆಯಲ್ಲಿದ್ದಿದ್ದರೆ ಇಂದು ನಮ್ಮ ಸಂಗೀತದ ಚರಿತ್ರೆಗೆ ನೂರೆಂಬತ್ತು ವರ್ಷದ ಆಧಾರ ಸಿಗುತ್ತಿತ್ತು.

ಮೂರನೆಯ ಮಾತಿಗೆ ಬರುತ್ತೇನೆ. ಎಲ್ಲರೂ ನೋಡುತ್ತಿದ್ದಾರೆ, ಎಲ್ಲರೂ ಅಭಿಪ್ರಾಯ ಬರೆಯುತ್ತಿದ್ದಾರೆ, ವಿಮರ್ಶಕನೇಕೆ ಎಂಬ ಪ್ರಶ್ನೆ. ಈ ಪ್ರಶ್ನೆ ಹುಟ್ಟಲು ವಿಮರ್ಶಕರೂ ಕಾರಣ. "ಪ್ರೇಕ್ಷಕರ ಮನಸೂರೆಗೊಂಡರು", "ಸಭಿಕರನ್ನು ಮಂತ್ರಮುಗ್ಧಗೊಳಿಸಿದರು", "ಉತ್ತಮವಾಗಿ ಸಾಥ್ ನೀಡಿದರು" ಎಂಬ ಮೂರು ವಾಕ್ಯಗಳಲ್ಲಿ ಯಾವ ಕಾರ್ಯಕ್ರಮದ ವರದಿಯನ್ನಾದರೂ ಮುಗಿಸಬಹುದು ಎಂಬ ಸ್ಥಿತಿಗೆ ನಾವು ಬಂದಿದ್ದೇವೆ. ಸಂಘಟಕರು ಕಳಿಸಿದ ಪ್ರಕಟಣೆಗೆ ಹೆಸರು ಹಾಕಿದ್ದನ್ನು ವಿಮರ್ಶೆ ಎಂದು ಕರೆದರೆ, ಅದು ಸತ್ತರೂ ಅಳುವವರಿಲ್ಲ. ಆದರೆ ಬೇರೆ ಬಗೆಯ ಪತ್ರಕರ್ತರನ್ನೂ ನಾವು ಕಂಡಿದ್ದೇವೆ. ಪತ್ರಿಕೆಯ ಕೆಲಸದಲ್ಲಿದ್ದುಕೊಂಡೇ ಕೆ.ಎಂ. ರಾಘವ ನಂಬಿಯಾರರು ಹಿಮ್ಮೇಳವನ್ನೇ ಅಧ್ಯಯನಕ್ಕೆ ಎತ್ತಿಕೊಂಡು ಗ್ರಂಥ ಬರೆದರು. ಮುಂಬಯಿಯಲ್ಲಿ ಮೋಹನ ನಾಡಕರ್ಣಿ ದಶಕಗಳ ಕಾಲ ಹಿಂದುಸ್ತಾನಿ ಸಂಗೀತದ ವಿಮರ್ಶೆ ಬರೆದು, ಭೀಮಸೇನ ಜೋಶಿಯವರ ಜೀವನಚರಿತ್ರೆ ಬರೆದರು. ಅಂಥವರ ಬರಹವನ್ನು ಗಾಯಕರು ಸಿಟ್ಟಿನಿಂದಾದರೂ ಓದುತ್ತಿದ್ದರು. ಗಾಯಕ ಸಿಟ್ಟಿನಿಂದ ಓದಿದ್ದನ್ನು ಮರೆಯುವುದಿಲ್ಲ. ಮುಂದಿನ ಕಚೇರಿಯಲ್ಲಿ ಅದು ಅವನ ಜತೆಗೇ ಕೂತಿರುತ್ತದೆ.

ವಿಡಿಯೋದ ಕೆಳಗೆ ಬರುವ ನೂರು ಕೈಮುಗಿದ ಚಿತ್ರಗಳು ಈ ಕೆಲಸ ಮಾಡಲಾರವು. ಅಭಿಮಾನಿಯ ಪ್ರೀತಿಯನ್ನು ನಾನು ಕಡೆಗಣಿಸುವುದಿಲ್ಲ. ಭಾಗವತ ಸುಬ್ರಹ್ಮಣ್ಯ ಧಾರೇಶ್ವರರು 2024ರಲ್ಲಿ ತೀರಿಕೊಂಡಾಗ ಊರೂರಿನಲ್ಲಿ ಜನ ಅವರ ಹಾಡು ಹಚ್ಚಿ ಅತ್ತರು, ಅದು ನಿಜವಾದ ದುಃಖ. ಆದರೆ ಅವರು ಪದ್ಯದ ಧಾಟಿಯಲ್ಲಿ ತಂದ ಬದಲಾವಣೆ ಏನು, ಅದರಿಂದ ಬಡಗಿಗೆ ಬಂದ ಲಾಭ ಏನು, ಹೋದದ್ದು ಏನು ಎಂಬ ಲೆಕ್ಕ ಯಾರು ಬರೆಯಬೇಕು? ಎಷ್ಟು ಜನ ನೋಡಿದರು ಎಂಬ ಸಂಖ್ಯೆ ಅದನ್ನು ಹೇಳುವುದಿಲ್ಲ. ಹೆಚ್ಚು ಜನ ನೋಡಿದ ಪದ್ಯವೇ ಒಳ್ಳೆಯ ಪದ್ಯ ಎಂದಾದರೆ ಭಾಗವತರು ಅಂಥದನ್ನೇ ಹಾಡುತ್ತಾರೆ. ಘಂಟಾರವ, ಸೌರಾಷ್ಟ್ರದಂಥ ರಾಗಗಳಿಗೆ ಯಕ್ಷಗಾನದಲ್ಲಿ ಇರುವ ತಮ್ಮದೇ ನಡೆ ಹಿಂದೆ ಸರಿದು, ಎಲ್ಲೆಡೆ ಒಂದೇ ಬಗೆಯ ಸವಿಗಂಠದ ಆಲಾಪ ತುಂಬಿಕೊಳ್ಳುತ್ತದೆ. ಇದು ಈಗಾಗಲೇ ನಡೆಯುತ್ತಿದೆ ಎಂಬುದು ಕಿವಿಯಿದ್ದವರಿಗೆಲ್ಲ ಗೊತ್ತು.

ಹಾಗಾದರೆ ಸಂಗೀತದ ಬರಹದಿಂದ ಸಿನಿಮಾಕ್ಕೆ ಹೋಗುವುದು ಹೇಗಿರಬೇಕು? ದಾರಿ ತೋರಿಸಿದವರಿದ್ದಾರೆ.

ನಿರ್ದೇಶಕ ಮಣಿ ಕೌಲ್ 1980ರ ದಶಕದ ಆರಂಭದಲ್ಲಿ 'ಧ್ರುಪದ್' ಚಿತ್ರ ಮಾಡಿದರು. ಅದಕ್ಕೆ ಮೊದಲು ಡಾಗರ್ ಮನೆತನದ ಗುರುಗಳ ಮುಂದೆ ವಿದ್ಯಾರ್ಥಿಯಾಗಿ ಕೂತು ಹಾಡು ಕಲಿತಿದ್ದರು. ಚಿತ್ರದಲ್ಲಿ ಜಿಯಾ ಮೊಹಿಯುದ್ದೀನ್ ಡಾಗರ್ ವೀಣೆ ನುಡಿಸುವಾಗ, ಫರೀದುದ್ದೀನ್ ಡಾಗರ್ ಹಾಡುವಾಗ ಕ್ಯಾಮೆರಾಕ್ಕೆ ಅವಸರವಿಲ್ಲ. ಸ್ವರ ಎಷ್ಟು ಹೊತ್ತು ನಿಲ್ಲುತ್ತದೋ ಅಷ್ಟು ಹೊತ್ತು ಅದೂ ನಿಲ್ಲುತ್ತದೆ. ಇದು ತಾಂತ್ರಿಕ ಜಾಣ್ಮೆಯಿಂದ ಬಂದದ್ದಲ್ಲ, ಕೇಳಿದ್ದರಿಂದ ಬಂದದ್ದು.

ಕನ್ನಡದವರೇ ಆದ ತೇಜಸ್ವಿನಿ ನಿರಂಜನರ ಕೆಲಸ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. ಕೆರಿಬಿಯನ್ ದ್ವೀಪಗಳಿಗೆ ಹೋದ ಭಾರತೀಯರ ಸಂಗೀತದ ಬಗ್ಗೆ ಅವರು ಪುಸ್ತಕ ಬರೆದರು; ಆ ಹುಡುಕಾಟಕ್ಕೆ ಹೊಂದಿಕೊಂಡು ಸುರಭಿ ಶರ್ಮಾ ಅವರ ನಿರ್ದೇಶನದಲ್ಲಿ 2007ರಲ್ಲಿ 'ಜಹಾಜಿ ಮ್ಯೂಸಿಕ್' ಚಿತ್ರ ಬಂತು. ಮುಂದೆ ಮುಂಬಯಿಯ ಹಿಂದುಸ್ತಾನಿ ಸಂಗೀತದ ಬಗ್ಗೆಯೂ ಪುಸ್ತಕ ಮತ್ತು ಚಿತ್ರ ಎರಡೂ ಇದೇ ಜೋಡಿಯ ಕೆಲಸದಿಂದ ಬಂದವು. ಬರೆದವರು ಬರಹ ಬಿಡಲಿಲ್ಲ, ಚಿತ್ರ ಮಾಡಿದವರು ಬರಹವನ್ನು ಬರಿಯ ಚಿತ್ರಕಥೆಯ ಮಟ್ಟಕ್ಕೆ ಇಳಿಸಲಿಲ್ಲ. ಶಿರಾಲಿ, ಹೊನ್ನಾವರ, ಕುಮಟೆಗಳಿಂದ ಮುಂಬಯಿಯ ಗಿರಗಾಂವ್, ಗಾಮದೇವಿಗೆ ಹೋಗಿ ನೆಲೆಸಿ ಹಾಡು ಕೇಳಿದ, ಕಲಿತ ಕುಟುಂಬಗಳು ನಮ್ಮಲ್ಲಿ ಎಷ್ಟೋ ಇವೆ. ಅವರ ಕಥೆಯನ್ನು ಊರಿನ ತುದಿಯಿಂದ ಹೇಳುವ ಚಿತ್ರವೊಂದು ಬರಬೇಕು. ಅದನ್ನು ಮಾಡಬಲ್ಲವರು ಇಲ್ಲಿ ಕೂತು ಬರೆಯುತ್ತಿರುವವರೇ.

ಎಚ್ಚರಿಕೆಗೂ ಒಂದು ಉದಾಹರಣೆಯಿದೆ. ಸತ್ಯಜಿತ್ ರಾಯ್ ಬಾಲಸರಸ್ವತಿಯವರ ನೃತ್ಯವನ್ನು 1930ರ ದಶಕದಲ್ಲಿ, ಆಕೆ ಇನ್ನೂ ಹುಡುಗಿಯಾಗಿದ್ದಾಗ, ಕಲ್ಕತ್ತೆಯಲ್ಲಿ ನೋಡಿದ್ದರು. ಚಿತ್ರ ಮಾಡಿದ್ದು 1976ರಲ್ಲಿ, ಆಕೆಗೆ ಐವತ್ತೆಂಟಾದಾಗ. ವ್ಯಾಸರಾಯರ ಕೃಷ್ಣನ ಪದವೊಂದಕ್ಕೆ ಆಕೆ ಕಡಲತೀರದಲ್ಲಿ ಅಭಿನಯಿಸುತ್ತಾರೆ. ಗಾಳಿಗೆ ಸೆರಗು ಹಾರುತ್ತದೆ, ಹಿಂದೆ ಅಲೆ ಬಡಿಯುತ್ತದೆ. ದೃಶ್ಯ ಚೆಂದ. ಆದರೆ ಆ ಅಭಿನಯ ಸಣ್ಣ ಸಭೆಗೆಂದು, ಮುಖದ ಸೂಕ್ಷ್ಮಕ್ಕೆಂದು ಬೆಳೆದದ್ದು. ಅದನ್ನು ಕಡಲು ನುಂಗುತ್ತದೆ ಎಂದು ನನಗನ್ನಿಸುತ್ತದೆ. ರಾಯ್ ಅಂಥವರಿಗೇ ದೃಶ್ಯದ ಸೆಳೆತ ಹೀಗಾಗುವುದಾದರೆ, ಕಾಸರಕೋಡು, ಮುರ್ಡೇಶ್ವರದ ಸೂರ್ಯಾಸ್ತದ ಮುಂದೆ ವೇಷ ನಿಲ್ಲಿಸಿ ಚಿತ್ರ ತೆಗೆಯುವ ನಮ್ಮ ಹುಡುಗರು ಇನ್ನೆಷ್ಟು ಜಾಗ್ರತೆ ವಹಿಸಬೇಕು!

ರವಿ ಬಸ್ರೂರು ಅವರ 'ವೀರ ಚಂದ್ರಹಾಸ' 2025ರಲ್ಲಿ ಬಂದಾಗ ಯಕ್ಷಗಾನವನ್ನು ಸಿನಿಮಾ ಪರದೆಗೆ ತಂದದ್ದರ ಬಗ್ಗೆ ಬಹಳ ಚರ್ಚೆಯಾಯಿತು. ಬಸ್ರೂರಿನ ಸಂಗೀತಗಾರನೊಬ್ಬ ಚಂಡೆಯ ಸದ್ದಿನ ನಡುವೆ ಬೆಳೆದು, ದೊಡ್ಡ ಚಿತ್ರಗಳಿಗೆ ಸಂಗೀತ ಕೊಟ್ಟು, ಮತ್ತೆ ಬಯಲಾಟಕ್ಕೆ ಮರಳಿದ್ದು ಗೌರವಿಸಬೇಕಾದ ಸಾಹಸ. ಆದರೆ ಆ ಚರ್ಚೆಯಲ್ಲಿ ಎಷ್ಟು ಜನ ಅದರ ಹಿಮ್ಮೇಳದ ಬಗ್ಗೆ ಬರೆದರು? ಎಷ್ಟು ಖರ್ಚಾಯಿತು, ಯಾವ ನಟ ಬಂದರು ಎಂಬ ಮಾತೇ ಹೆಚ್ಚು. ಒಬ್ಬ ಸಂಗೀತಗಾರ ನಿರ್ದೇಶಿಸಿದ ಯಕ್ಷಗಾನದ ಚಿತ್ರಕ್ಕೂ ಸಂಗೀತದ ವಿಮರ್ಶೆ ಸಿಗದೆ ಹೋಗುವುದು ನಮ್ಮ ಪತ್ರಿಕೆಗಳು ವಿಮರ್ಶಕನನ್ನು ಕಳೆದುಕೊಂಡದ್ದರ ಫಲ.

ಇನ್ನು ಕ್ಯಾಮೆರಾ ಹೋಗಲಾರದ ಜಾಗಗಳಿವೆ. ಭಟ್ಕಳದ ನವಾಯತ ಮನೆಗಳ ಮದುವೆಯಲ್ಲಿ ಹೆಂಗಸರು ತಮ್ಮೊಳಗೆ ಹಾಡಿಕೊಳ್ಳುವ ಹಾಡಿನ ಮುಂದೆ ಲೆನ್ಸ್ ಇಡುವುದು ಕಷ್ಟ, ಎಷ್ಟೋ ಸಲ ಅದು ಸರಿಯೂ ಅಲ್ಲ. ಹಾಲಕ್ಕಿ ಹೆಂಗಸರ ಹಾಡು, ಸುಗ್ಗಿಯ ಪದಗಳು ಕ್ಯಾಮೆರಾ ಬರುವ ಎಷ್ಟೋ ವರ್ಷ ಮೊದಲೇ ಕಾಗದಕ್ಕೆ ಬಂದವು. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕರಂಥವರು ಜಗಲಿಯ ಮೇಲೆ ಕೂತು, ನಿಧಾನಕ್ಕೆ ಹಾಡಿಸಿ, ಬರೆದುಕೊಂಡರು. ಹಾಡುವವಳು ನಾಚದೆ ಹಾಡಿದ್ದು ಎದುರಿಗೆ ಕೂತವನು ಬರೀ ಕೇಳುತ್ತಿದ್ದನೆಂಬ ಕಾರಣಕ್ಕೆ. ಈ ಕೆಲಸವನ್ನು ಹಳೆಯ ಕಾಲದ್ದೆಂದು ಕೈಬಿಟ್ಟರೆ ನಮ್ಮ ಹಾಡಿನ ಅರ್ಧ ಭಾಗ, ಅದರಲ್ಲೂ ಹೆಂಗಸರ ಭಾಗ, ಯಾವ ಸಿನಿಮಾಕ್ಕೂ ಬಾರದೆ ಹೋಗುತ್ತದೆ.

"ಯಾರು ಓದುತ್ತಾರೆ?" ಎಂದು ಕೇಳುತ್ತಾರೆ. ಇದೇ ಅವರ ಕೊನೆಯ ಅಸ್ತ್ರ. ಸಂಗೀತ ವಿಮರ್ಶೆಯನ್ನು ಸಾವಿರಾರು ಜನ ಓದಿದ ಕಾಲ ಎಂದೂ ಇರಲಿಲ್ಲ. ಅದನ್ನು ಓದಬೇಕಾದವರು ಓದಿದರೆ ಸಾಕು: ಹಾಡುವವನು, ಬಾರಿಸುವವನು, ಸಂಘಟಕ, ಕಲಿಯುವ ಹುಡುಗಿ, ಮತ್ತು ಮುಂದೊಂದು ದಿನ ಈ ಹಾಡಿನ ಬಗ್ಗೆ ಚಿತ್ರ ಮಾಡಲು ಹೊರಟವನು. ಆ ಕೊನೆಯವನಿಗೆ ಆಧಾರವೇ ಈ ಬರಹ. ಇಂದು ಬರೆಯದಿದ್ದರೆ ನಾಳಿನ ಚಿತ್ರಕ್ಕೆ ಸಿಗುವುದು ಮುಖಗಳು ಮಾತ್ರ.

ಆದ್ದರಿಂದ ಕ್ಯಾಮೆರಾ ಹಿಡಿಯಲು ಹೊರಟಿರುವ ಗೆಳೆಯರಲ್ಲಿ ನನ್ನ ಕೇಳಿಕೆ ಇಷ್ಟು. ಹೋಗಿ, ಆದರೆ ಅಂಕಣ ನಿಲ್ಲಿಸಬೇಡಿ. ಒಂದು ಮೇಳವನ್ನು ಚಿತ್ರಿಸುವ ಮೊದಲು ಆ ಮೇಳದ ಹಿಮ್ಮೇಳದ ಬಗ್ಗೆ ಒಂದು ನಿಷ್ಠುರ ವಿಮರ್ಶೆ ಬರೆದು ಪ್ರಕಟಿಸಿ. ಅದನ್ನು ಓದಿಯೂ ಭಾಗವತರು ನಿಮ್ಮನ್ನು ಬಣ್ಣ ಹಚ್ಚುವ ಚೌಕಿಯೊಳಗೆ ಬಿಟ್ಟುಕೊಂಡರೆ ನಿಮ್ಮ ಚಿತ್ರ ನಿಜವಾಗುತ್ತದೆ. ಕನಿಷ್ಠ ಒಂದು ಪದ್ಯವನ್ನಾದರೂ ಎತ್ತುಗಡೆಯಿಂದ ಮುಕ್ತಾಯದವರೆಗೆ ಕತ್ತರಿಸದೆ ಇಡಿ. ಮದ್ದಳೆಗೆ ಬೇರೆ ಮೈಕ್ ಇಡಿ. ಎಡಿಟಿಂಗಿಗೆ ಕೂರುವಾಗ ಹಳೆಯ ಮದ್ದಳೆಗಾರರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಬೇಡವೆಂದ ಜಾಗದಲ್ಲಿ ಕೈ ಇಡಬೇಡಿ.

ಪತ್ರಿಕೆಗಳಲ್ಲಿಯೂ ಒಂದು ಮಾತು. ಕಾರವಾರದ, ಶಿರಸಿಯ, ಮಣಿಪಾಲದ, ಬೆಂಗಳೂರಿನ ಸಂಪಾದಕರೇ, ವಾರಕ್ಕೊಂದು ಅರ್ಧ ಪುಟ ಸಂಗೀತ ವಿಮರ್ಶೆಗೆ ಕೊಡಿ, ಬರೆದವರಿಗೆ ಮರ್ಯಾದೆಯ ಸಂಭಾವನೆ ಕೊಡಿ. ಸಂಘಟಕರ ಪ್ರಕಟಣೆಯನ್ನು ವಿಮರ್ಶೆಯ ಜಾಗದಲ್ಲಿ ಹಾಕುವುದನ್ನು ನಿಲ್ಲಿಸಿ. ಓದುಗರೇ, ಊರಿನ ಹುಡುಗನೋ ಹುಡುಗಿಯೋ ಆಟದ ಬಗ್ಗೆ ಚೆನ್ನಾಗಿ ಬರೆದದ್ದು ಕಣ್ಣಿಗೆ ಬಿದ್ದರೆ "ಸಿನಿಮಾ ಯಾವಾಗ?" ಎಂದು ಕೇಳಬೇಡಿ. "ಮುಂದಿನ ವಾರ ಯಾವ ಆಟದ ಬಗ್ಗೆ ಬರೆಯುತ್ತೀರಿ?" ಎಂದು ಕೇಳಿ.